ಹಾಡಿನ ರಾಶಿ ಹಸನು ಮಾಡುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಕಲಬುರಗಿಯವನು. ಆರು ವರ್ಷದಿಂದ ಕರೋಕೆ (ಗಾಯಕರ ದನಿ ತೆಗೆದ ಸಂಗೀತಕ್ಕೆ ಜನರೇ ಹಾಡುವುದು) ನಡೆಸುತ್ತಿದ್ದೇನೆ. ಶನಿವಾರ ಒಂದು ಫ್ಯಾಮಿಲಿ ರೆಸ್ಟೋರೆಂಟ್, ಉಳಿದ ದಿನ ಮದುವೆ, ಸೀಮಂತ, ರಿಟೈರ್ಮೆಂಟ್ ಕಾರ್ಯಕ್ರಮ. ಎರಡು ಹಾರ್ಡ್‌ಡಿಸ್ಕಿನಲ್ಲಿ ಸುಮಾರು 38,000 ಫೈಲ್ ಇವೆ. ಕನ್ನಡ, ಹಿಂದಿ, ತೆಲುಗು, ಮರಾಠಿ, ಸ್ವಲ್ಪ ಇಂಗ್ಲಿಷ್. ಒಂದೇ ಹಾಡು ಐದಾರು ಸಲ ಇದೆ. ಹಾಡಿನ ಪುಸ್ತಕ 210 ಪುಟ ಆಗಿದೆ, ಯಾರೂ ಪೂರ್ತಿ ನೋಡುವುದಿಲ್ಲ. ಕಳೆದ ತಿಂಗಳು ನಿವೃತ್ತರಾದ ಮೇಷ್ಟ್ರೊಬ್ಬರು ಹಾಡಲು ನಿಂತರು. ನಾನು ಹಚ್ಚಿದ್ದು ಹೆಣ್ಣುಮಕ್ಕಳ ಸ್ಕೇಲಿನ (ಶ್ರುತಿಯ) ಟ್ರ್ಯಾಕ್. ಪಲ್ಲವಿಯಲ್ಲೇ ನಿಲ್ಲಿಸಿ ಕೆಳಗಿಳಿದುಬಿಟ್ಟರು. ಡೂಪ್ಲಿಕೇಟ್ ಎಲ್ಲ ಒಂದೇ ಸಲ ಅಳಿಸುವ ಸಾಫ್ಟ್‌ವೇರ್ ಯಾವುದು? ಪುಸ್ತಕ ಪ್ರಿಂಟ್ ಮಾಡಿಸಲೋ, ಮೊಬೈಲಿಗೆ ಹಾಕಲೋ? ಮದುವೆ ಸೀಸನ್ ಶುರುವಾಗುವುದರೊಳಗೆ ಮುಗಿಸಬೇಕು.

ಉತ್ತರ: ಅಂಥ ಸಾಫ್ಟ್‌ವೇರ್ ಬೇಕಾದಷ್ಟು ಇವೆ. ಆದರೆ ಇವತ್ತು ಯಾವುದನ್ನೂ ಓಡಿಸಬೇಡಿ. ನಾನು ಓಡಿಸಿ ಕೈ ಸುಟ್ಟುಕೊಂಡವನು.

ಇಂಗ್ಲಿಷ್ ಕರೋಕೆ ಟ್ರ್ಯಾಕುಗಳು ಹೆಚ್ಚಾಗಿ ಜೋಡಿ ಫೈಲಾಗಿ ಬರುತ್ತವೆ. ಒಂದು ಎಂಪಿ3, ಅದರಲ್ಲಿ ಸಂಗೀತ. ಇನ್ನೊಂದು ಸಿಡಿಜಿ, ಅದರಲ್ಲಿ ಪರದೆಯ ಮೇಲೆ ಓಡುವ ಸಾಲುಗಳು. ಎರಡರ ಹೆಸರೂ ಒಂದೇ ಇರಬೇಕು, ಎರಡೂ ಒಂದೇ ಫೋಲ್ಡರಿನಲ್ಲಿ ಇರಬೇಕು. ಆಗ ಪ್ಲೇಯರ್ ಎರಡನ್ನೂ ಕೂಡಿಸಿ ಓಡಿಸುತ್ತದೆ. ನನ್ನ ಹತ್ತಿರ ಅವೇ ಜೋಡಿಗಳು ಎರಡು ಫೋಲ್ಡರಿನಲ್ಲಿದ್ದವು. ಡೂಪ್ಲಿಕೇಟ್ ತೆಗೆಯುವ ಪ್ರೋಗ್ರಾಮಿಗೆ ಜೋಡಿ ಅನ್ನೋದು ಗೊತ್ತೇ ಇಲ್ಲ. ಅದು ಒಂದು ಫೋಲ್ಡರಿನಿಂದ ಸಿಡಿಜಿ ತೆಗೆಯಿತು, ಇನ್ನೊಂದರಿಂದ ಎಂಪಿ3 ತೆಗೆಯಿತು. ಅದರ ಲೆಕ್ಕ ಸರಿಯೇ, ಎಲ್ಲದರದ್ದೂ ಒಂದೊಂದು ಪ್ರತಿ ಉಳಿದಿದೆ. ಆದರೆ ಗಂಡ ಒಂದೂರಲ್ಲಿ, ಹೆಂಡತಿ ಇನ್ನೊಂದೂರಲ್ಲಿ. ಅದು ನನಗೆ ಗೊತ್ತಾಗಿದ್ದು ಆಳಂದದ ಒಂದು ಮದುವೆಯಲ್ಲಿ. ಸಂಗೀತ ಬಂತು, ಪರದೆ ಕಪ್ಪು. ಮದುಮಗನ ಗೆಳೆಯರು ಮೈಕ್ ಹಿಡಿದು ನನ್ನ ಮುಖ ನೋಡುತ್ತಾ ನಿಂತರು. ಮತ್ತೆ ಜೋಡಿ ಕೂಡಿಸಲು ನನಗೆ ಎರಡು ವಾರ ಹಿಡಿಯಿತು.

ಹಾಗಾಗಿ ಮೊದಲು ಮೂರನೆಯ ಡಿಸ್ಕ್ ಒಂದನ್ನು ತನ್ನಿ. ಇದ್ದದ್ದು ಇದ್ದ ಹಾಗೆ ಎಲ್ಲ ಕಾಪಿ ಮಾಡಿ. ಡಿಸ್ಕ್ ತೆಗೆದು ಕಪಾಟಿನಲ್ಲಿಡಿ. ಕಾರ್ಯಕ್ರಮಕ್ಕೆ ಅದನ್ನು ಒಯ್ಯಬೇಡಿ. ನಮ್ಮೂರ ಮೇ ತಿಂಗಳ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಡಿಸ್ಕ್ ಇಟ್ಟರೆ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಡಿಸ್ಕಿನಲ್ಲಿ ಜಾಸ್ತಿ ಫೈಲ್ ಇವೆ, ಅದು ಒಂದು. ಪುಸ್ತಕದಲ್ಲಿ ಜಾಸ್ತಿ ಸಾಲು ಇವೆ, ಅದು ಇನ್ನೊಂದು. ಮೇಷ್ಟ್ರು ಹಾಡು ನಿಲ್ಲಿಸಿದ್ದು ಎರಡನೆಯದರಿಂದ. ಒಂದೇ ಹೆಸರಿನ ಆರು ಸಾಲಿನಲ್ಲಿ ನೀವು ಕಣ್ಣಿಗೆ ಬಿದ್ದದ್ದನ್ನು ಒತ್ತಿದಿರಿ, ಅಲ್ವಾ? ನೀವು ಐದು ಫೈಲ್ ಅಳಿಸಿದ್ದರೂ ಉಳಿದ ಒಂದು ಹೆಣ್ಣುಮಕ್ಕಳ ಸ್ಕೇಲಿನದೇ ಆಗಿದ್ದರೆ ಮೇಷ್ಟ್ರ ಕಥೆ ಅದೇ. ಅದಕ್ಕೇ ನಾನು ಹೇಳುವುದು ಇಷ್ಟು: ಪುಸ್ತಕದಲ್ಲಿ ಒಂದು ಹಾಡಿಗೆ ಒಂದೇ ಸಾಲು ಇರಲಿ. ಡಿಸ್ಕಿನಲ್ಲಿ ಅದಕ್ಕೆ ನಾಲ್ಕು ಟ್ರ್ಯಾಕ್ ಇದ್ದರೂ ಇರಲಿ, ಯಾವುದು ಯಾವುದಕ್ಕೆ ಅಂತ ನಿಮಗೆ ಗೊತ್ತಿದ್ದರೆ ಸಾಕು.

ಡೂಪ್ಲಿಕೇಟ್ ಅಂತ ನಾವು ಕರೆಯುವುದೆಲ್ಲ ಒಂದೇ ಜಾತಿಯದಲ್ಲ. ತೊಗರಿ ಹಸನು ಮಾಡುವಾಗ ಹರಳು ಬೇರೆ, ಹೊಟ್ಟು ಬೇರೆ, ನುಚ್ಚು ಬೇರೆ. ಹರಳು ಬಿಸಾಡುತ್ತೀರಿ, ನುಚ್ಚು ಬಿಸಾಡುತ್ತೀರಾ? ಇಲ್ಲೂ ಹಾಗೆಯೇ.

ಹರಳು ಅಂದರೆ ಬೈಟಿಗೆ ಬೈಟ್ ಒಂದೇ ಇರುವ ಫೈಲುಗಳು. ಒಂದೇ ಪೆನ್‌ಡ್ರೈವನ್ನು ಎರಡು ಸಲ ಕಾಪಿ ಮಾಡಿದಾಗ ಹುಟ್ಟುವಂಥವು. ನನ್ನ ಡಿಸ್ಕಿನಲ್ಲಿ ‘ಗುಲ್ಬರ್ಗ ಪ್ರೋಗ್ರಾಂ’ ಅಂತ ಒಂದು ಫೋಲ್ಡರ್ ಇತ್ತು. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾಯಿತಲ್ಲ, ಆಮೇಲೆ ‘ಕಲಬುರಗಿ ಪ್ರೋಗ್ರಾಂ’ ಅಂತ ಇನ್ನೊಂದು ಹುಟ್ಟಿತು. ಒಳಗೆ ಅವೇ ಹಾಡು. ಇಂಥವನ್ನು ಹಿಡಿಯಲು ಡೂಪ್‌ಗುರು ಅನ್ನುವ ಉಚಿತ ಪ್ರೋಗ್ರಾಂ ಸಾಕು. ಅದರಲ್ಲಿ ಫೈಲಿನ ಒಳಗಿನದನ್ನು ಹೋಲಿಸುವ ಆಯ್ಕೆ ಇಟ್ಟುಕೊಳ್ಳಿ, ಹೆಸರು ಹೋಲಿಸುವುದನ್ನಲ್ಲ. ನೀವು ಉಳಿಸಬೇಕಾದ ಫೋಲ್ಡರನ್ನು ‘ರೆಫರೆನ್ಸ್’ ಅಂತ ಗುರುತಿಸಿ. ಆಗ ಅದರೊಳಗಿನ ಒಂದು ಫೈಲನ್ನೂ ಅದು ಮುಟ್ಟುವುದಿಲ್ಲ. ಎಂಪಿ3, ಸಿಡಿಜಿ ಎರಡೂ ಅದೇ ಫೋಲ್ಡರಿನಲ್ಲಿ ಉಳಿಯುತ್ತವೆ. ನನಗೆ ಆವತ್ತು ಈ ಒಂದು ಗುರುತು ಗೊತ್ತಿದ್ದರೆ ಆಳಂದದಲ್ಲಿ ಮಾನ ಉಳಿಯುತ್ತಿತ್ತು.

ಜೋಡಿ ಫೈಲುಗಳನ್ನು ಕೆಲವರು ಜಿಪ್ ಮಾಡಿ ಇಡುತ್ತಾರೆ. ಒಳ್ಳೆಯದೇ, ಜೋಡಿ ಒಡೆಯುವುದಿಲ್ಲ. ಆದರೆ ಒಳಗೆ ಅವೇ ಫೈಲ್ ಇದ್ದರೂ, ಬೇರೆ ಬೇರೆ ಹೊತ್ತಿನಲ್ಲಿ ಕಟ್ಟಿದ ಎರಡು ಜಿಪ್ ಹೆಚ್ಚಾಗಿ ಬೈಟಿಗೆ ಬೈಟ್ ಹೊಂದುವುದಿಲ್ಲ. ತಾರೀಖು, ಒತ್ತುವ ಮಟ್ಟ ಎಲ್ಲ ಅದರೊಳಗೆ ಸೇರಿರುತ್ತದೆ. ಹಾಗಾಗಿ ಪ್ರೋಗ್ರಾಂ ‘ಡೂಪ್ಲಿಕೇಟ್ ಇಲ್ಲ’ ಅಂದರೆ ನಂಬಬೇಡಿ. ಮೊದಲು ಎಲ್ಲ ಬಿಚ್ಚಿ, ಹಸನು ಮಾಡಿ, ಕೊನೆಗೆ ಜಿಪ್ ಮಾಡಿ.

ಹೊಟ್ಟು ಅಂದರೆ ಅದೇ ಟ್ರ್ಯಾಕ್, ಬೇರೆ ಗುಣಮಟ್ಟ. ಒಂದು 128 ಕೆಬಿಪಿಎಸ್ (ಒಂದು ಸೆಕೆಂಡಿನ ಸಂಗೀತಕ್ಕೆ ಎಷ್ಟು ಮಾಹಿತಿ ಅನ್ನುವ ಅಳತೆ), ಇನ್ನೊಂದು 320. ನಾಲ್ಕು ನಿಮಿಷದ ಹಾಡು 128ರಲ್ಲಿ ಸುಮಾರು 3.8 ಎಂಬಿ, 320ರಲ್ಲಿ 9.6 ಎಂಬಿ. ದೊಡ್ಡದೇ ಒಳ್ಳೆಯದು ಅಂತ ಕಣ್ಣು ಮುಚ್ಚಿ ಇಟ್ಟುಕೊಳ್ಳಬೇಡಿ. ಯಾರೋ 128ರ ಫೈಲನ್ನೇ 320ಕ್ಕೆ ಹಿಗ್ಗಿಸಿ ಕೊಟ್ಟಿರುತ್ತಾರೆ. ಹಾಲಿಗೆ ನೀರು ಹಾಕಿದ ಹಾಗೆ. ಪರೀಕ್ಷೆ ಸುಲಭ. ಸ್ಪೆಕ್ ಅನ್ನುವ ಚಿಕ್ಕ ಉಚಿತ ಪ್ರೋಗ್ರಾಮಿನಲ್ಲಿ ಫೈಲ್ ತೆರೆಯಿರಿ, ಅದು ದನಿಯನ್ನು ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಸುಮಾರು 16 ಕಿಲೋಹರ್ಟ್ಸಿನ ಮೇಲೆ ಕತ್ತರಿಸಿದಂತೆ ಖಾಲಿ ಇದ್ದರೆ ಅದು ಹಿಗ್ಗಿಸಿದ ಮಾಲು. ನಿಜವಾದ 320 ಆದರೆ ಬಣ್ಣ 20ರ ಹತ್ತಿರದವರೆಗೂ ಹೋಗಿರುತ್ತದೆ. ಎಲ್ಲ ಫೈಲಿಗೂ ಇದನ್ನು ಮಾಡುತ್ತಾ ಕೂರಬೇಡಿ, ಅನುಮಾನ ಬಂದದ್ದಕ್ಕೆ ಮಾತ್ರ.

ಇನ್ನು ನುಚ್ಚು. ಇಲ್ಲೇ ಎಲ್ಲರೂ ಎಡವುವುದು. ಅದೇ ಹಾಡು, ಆದರೆ ಬೇರೆ ಉಪಯೋಗ. ಗಂಡಸರ ಸ್ಕೇಲ್, ಹೆಂಗಸರ ಸ್ಕೇಲ್, ಯುಗಳದಲ್ಲಿ ಒಬ್ಬರ ದನಿ ಮಾತ್ರ ಉಳಿಸಿದ್ದು, ಕೋರಸ್ ಇರುವುದು, ಕೋರಸ್ ಇಲ್ಲದ್ದು. ಇವು ಯಾವುವೂ ಡೂಪ್ಲಿಕೇಟ್ ಅಲ್ಲ. ಕೆಲವರು ‘ಸಾಫ್ಟ್‌ವೇರಿನಲ್ಲಿ ಕೀ ಏರಿಸಿ ಇಳಿಸಬಹುದಲ್ಲ, ಎರಡು ಯಾಕೆ?’ ಅನ್ನುತ್ತಾರೆ. ಎರಡು ಸ್ವರ ಏರಿಸಿದರೆ ನಡೆಯುತ್ತದೆ. ನಾಲ್ಕೈದು ಏರಿಸಿದರೆ ತಬಲಾ ಡಬ್ಬಾ ಬಡಿದಂತೆ ಕೇಳುತ್ತದೆ. ಗಂಡು ಹೆಣ್ಣು ದನಿಯ ನಡುವೆ ಹೆಚ್ಚಾಗಿ ಅಷ್ಟೇ ಅಂತರ ಬೀಳುವುದು. ಎರಡನ್ನೂ ಇಡಿ.

ನಮ್ಮ ಕಡೆ ಇನ್ನೂ ಒಂದು ಗಮನಿಸಬೇಕು. ಸಿಡಿಜಿಯ ಪರದೆ ತೀರಾ ಸಣ್ಣದು, 300 ಅಡ್ಡ 216 ಚುಕ್ಕೆ, ಒಂದು ಹೊತ್ತಿಗೆ 16 ಬಣ್ಣ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಸಾಕು. ನಮ್ಮ ಒತ್ತಕ್ಷರ ಅಲ್ಲಿ ಕಲಸಿಹೋಗುತ್ತದೆ. ಹಾಗಾಗಿ ನನ್ನ ಹತ್ತಿರ ಇರುವ ಕನ್ನಡ ಟ್ರ್ಯಾಕೆಲ್ಲ ಎಂಪಿ4 ವಿಡಿಯೊಗಳೇ. ಅದರಲ್ಲಿ ಸಂಗೀತ ಒಂದೇ ಇದ್ದು, ಒಂದರಲ್ಲಿ ಸಾಲು ಕನ್ನಡ ಅಕ್ಷರದಲ್ಲಿ, ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ದನಿ ಹೋಲಿಸುವ ಪ್ರೋಗ್ರಾಂ ಎರಡೂ ಒಂದೇ ಅನ್ನುತ್ತದೆ. ಆದರೆ ಕಲಬುರಗಿಯಲ್ಲಿ ಎರಡೂ ಬೇಕು. ಉರ್ದು ಮೀಡಿಯಂನಲ್ಲಿ ಓದಿದ ಗೆಳೆಯ ಕನ್ನಡ ಹಾಡನ್ನು ಚೆಂದ ಹಾಡುತ್ತಾನೆ, ಓದುವುದು ಮಾತ್ರ ಇಂಗ್ಲಿಷ್ ಅಕ್ಷರ. ಹಿಂದಿ ಹಾಡಿಗೂ ಅಷ್ಟೇ, ದೇವನಾಗರಿ ಬೇಡ ಅನ್ನುವ ಹುಡುಗರು ಬೇಕಾದಷ್ಟು.

ಉಲ್ಟಾ ಕೇಸೂ ಇದೆ. ಹೆಸರು ಒಂದೇ, ಹಾಡು ಬೇರೆ. ಇದು ಶರಣರ ನಾಡು. ಒಂದೇ ವಚನವನ್ನು ಒಬ್ಬೊಬ್ಬರು ಒಂದೊಂದು ರಾಗಕ್ಕೆ ಕೂಡಿಸಿ ಹಾಡಿರುತ್ತಾರೆ. ಕಡಕೋಳದ ಕಡೆಯ ತತ್ವಪದಗಳಿಗೂ ಹಾಗೇ ಹಲವು ಮಟ್ಟುಗಳು. ಭಜನಾ ಮಂಡಳಿಯ ಅಕ್ಕನವರು ಹಾಡುವ ಮಟ್ಟು ಬೇರೆ, ಕ್ಯಾಸೆಟ್ಟಿನದು ಬೇರೆ. ಹೆಸರು ನೋಡಿ ಒಂದನ್ನು ಅಳಿಸಿದರೆ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ನೀವು ಬೈಸಿಕೊಳ್ಳುತ್ತೀರಿ. ಇಂಥವುಗಳ ಹೆಸರಿನ ಮುಂದೆ ಹಾಡಿದವರ ಹೆಸರು ಬರೆಯಲೇಬೇಕು.

ಹೆಸರಿನ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಅರ್ಧ ಡೂಪ್ಲಿಕೇಟ್ ಸಿಗದೆ ಉಳಿಯುವುದು ಕಾಗುಣಿತದಿಂದ. ‘ಪ್ರೀತಿ’ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಎರಡು ‘ಇ’ ಹಾಕಿ ಬರೆಯುತ್ತಾರೆ, ಒಬ್ಬರು ಒಂದು ‘ಐ’ ಹಾಕುತ್ತಾರೆ, ಇನ್ನೊಬ್ಬರು ‘ಟಿ’ ಪಕ್ಕ ‘ಎಚ್’ ಸೇರಿಸುತ್ತಾರೆ. ಅಕಾರಾದಿಯಲ್ಲಿ ಮೂರೂ ಮೂರು ಕಡೆ. ಇದಕ್ಕೆ ನಾನು ಮಾಡುವ ಉಪಾಯ ಹೀಗಿದೆ. ಎಲ್ಲ ಫೈಲಿನ ಹೆಸರನ್ನೂ ಎಕ್ಸೆಲ್ಲಿಗೆ ಇಳಿಸಿಕೊಳ್ಳಿ. ಪಕ್ಕದ ಕಾಲಮ್ಮಿನಲ್ಲಿ ಆ ಹೆಸರಿನಿಂದ ಸ್ವರಾಕ್ಷರ ಐದೂ ತೆಗೆಯಿರಿ, ‘ಎಚ್’ ತೆಗೆಯಿರಿ, ‘ವೈ’ ತೆಗೆಯಿರಿ, ಖಾಲಿ ಜಾಗ ತೆಗೆಯಿರಿ. ‘ಸಬ್‌ಸ್ಟಿಟ್ಯೂಟ್’ ಸೂತ್ರ ಒಂದರೊಳಗೆ ಒಂದು ಹಾಕಿದರೆ ಆಯಿತು. ಮೂರೂ ‘ಪ್ರೀತಿ’ಗಳು ಆಗ ‘ಪಿ ಆರ್ ಟಿ’ ಅನ್ನುವ ಒಂದೇ ಎಲುಬಿನ ಗೂಡಾಗುತ್ತವೆ. ಆ ಕಾಲಮ್ಮಿನ ಪ್ರಕಾರ ಸಾರ್ಟ್ ಮಾಡಿ. ಅಣ್ಣ ತಮ್ಮಂದಿರೆಲ್ಲ ಪಕ್ಕ ಪಕ್ಕ ಬಂದು ಕೂರುತ್ತಾರೆ. ಸಂಬಂಧ ಇಲ್ಲದವರೂ ಕೆಲವರು ಬರುತ್ತಾರೆ, ಅವರನ್ನು ಕಣ್ಣಲ್ಲೇ ಬಿಟ್ಟುಬಿಡಿ.

ಕನ್ನಡ ಅಕ್ಷರದಲ್ಲಿ ಹೆಸರಿಟ್ಟರೆ ಈ ತಾಪತ್ರಯ ಇಲ್ಲ ಅಂದುಕೊಳ್ಳಬೇಡಿ, ಅಲ್ಲಿ ಬೇರೆ ಇದೆ. ಅನುಸ್ವಾರದ ಸೊನ್ನೆ ಒಂದು, ಕನ್ನಡ ಅಂಕಿಯ ಸೊನ್ನೆ ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ‘ಬಂಗಾರ’ ಅಂತ ಟೈಪ್ ಮಾಡುವಾಗ ಅನುಸ್ವಾರದ ಬದಲು ಅಂಕಿ ಸೊನ್ನೆ ಒತ್ತಿದವರು ಬಹಳ ಜನ. ಕಂಪ್ಯೂಟರಿಗೆ ಅದು ಬೇರೆ ಪದ. ಹುಡುಕಿದರೆ ಸಿಗುವುದಿಲ್ಲ, ಸಾರ್ಟ್ ಮಾಡಿದರೆ ಎಲ್ಲೋ ಹೋಗಿ ಕೂರುತ್ತದೆ. ಪಟ್ಟಿಯಲ್ಲಿ ಅಂಕಿ ಸೊನ್ನೆಯನ್ನು ಹುಡುಕಿ ಎಲ್ಲ ಕಡೆ ಅನುಸ್ವಾರಕ್ಕೆ ಬದಲಿಸಿ. ಹಾಗೆಯೇ ‘ಕೋ’ದಲ್ಲಿರುವ ಓಕಾರವನ್ನು ಯುನಿಕೋಡಿನಲ್ಲಿ (ಕಂಪ್ಯೂಟರಿನ ಅಕ್ಷರ ಪದ್ಧತಿಯಲ್ಲಿ) ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಬಿಡಿ ಚಿಹ್ನೆ ಜೋಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕಿನಿಂದ ಬಂದ ಫೈಲುಗಳ ಹೆಸರು ಬಿಡಿಸಿದ ರೂಪದಲ್ಲಿರುತ್ತದೆ. ನೋಡಲು ಒಂದೇ, ಹೋಲಿಕೆಯಲ್ಲಿ ಬೇರೆ. ಒಂದು ಹೆಸರು ಎಷ್ಟು ಹುಡುಕಿದರೂ ಸಿಗದಿದ್ದರೆ ಅದನ್ನು ಅಳಿಸಿ ಕೈಯಾರೆ ಮತ್ತೆ ಟೈಪ್ ಮಾಡಿ, ಮುಗೀತು.

ಗಾಯಕರ ಹೆಸರಿಗೂ ಒಂದು ಪಟ್ಟಿ ಮಾಡಿ, ಅದರಿಂದ ಮಾತ್ರ ಆರಿಸಿ ಹಾಕಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ನಾನು ಒಂದೇ ಪುಸ್ತಕದಲ್ಲಿ ಹನ್ನೊಂದು ರೀತಿಯಲ್ಲಿ ಬರೆದಿದ್ದೆ. ಜೊತೆಗೆ ಗಾಯಕರ ಕಾಲಮ್ ಬೇರೆ, ಹೀರೋ ಕಾಲಮ್ ಬೇರೆ ಇಡಿ. ನಮ್ಮ ಜನ ‘ರಾಜಣ್ಣಂದು ಹಳೇದು ಒಂದು ಹಾಡ ಹಚ್ರಿ’ ಅನ್ನುತ್ತಾರೆ. 1974ಕ್ಕಿಂತ ಮುಂಚೆ ರಾಜ್‌ಕುಮಾರ್ ಅವರಿಗೆ ಹೆಚ್ಚಿನ ಹಾಡು ಹಾಡಿದ್ದು ಪಿ.ಬಿ. ಶ್ರೀನಿವಾಸ್. ಹಾಗಾದರೆ ಆ ಹಾಡು ಎಲ್ಲಿ ಹುಡುಕಬೇಕು? ಹೀರೋ ಕಾಲಮ್ ಇದ್ದರೆ ಎರಡು ಸೆಕೆಂಡು. ಇಲ್ಲದಿದ್ದರೆ ಒಂದೇ ಹಾಡನ್ನು ಇಬ್ಬರ ಹೆಸರಲ್ಲೂ ನಮೂದಿಸಿ ನೀವೇ ಡೂಪ್ಲಿಕೇಟ್ ಹುಟ್ಟಿಸುತ್ತೀರಿ.

ಇನ್ನು ಆರಿಸುವುದು. ಒಂದೇ ಸ್ಕೇಲಿನ ಮೂರು ಟ್ರ್ಯಾಕ್ ಇದ್ದರೆ ಯಾವುದು ಇಡಬೇಕು? ಇದನ್ನು ಕಿವಿ ಮಾತ್ರ ಹೇಳಬಲ್ಲದು. ಪೂರ್ತಿ ಕೇಳಬೇಕಿಲ್ಲ. ಶುರುವಿನ ಹತ್ತು ಸೆಕೆಂಡು, ಮೊದಲ ಚರಣ ಎತ್ತುವ ಜಾಗ, ಕೊನೆ. ಪರದೆಯ ಸಾಲು ಸರಿಯಾದ ಹೊತ್ತಿಗೆ ಬರುತ್ತದೆಯಾ, ಅದು ಮೊದಲು. ಸಂಗೀತ ಎಷ್ಟೇ ಚೆಂದ ಇದ್ದರೂ ಸಾಲು ಅರ್ಧ ಸೆಕೆಂಡ್ ತಡವಾದರೆ ಹಾಡುವವರು ತಡವರಿಸುತ್ತಾರೆ. ನಡುವೆ ತಯಾರಿಸಿದವರ ಜಾಹೀರಾತು ದನಿ ಇದೆಯಾ, ಕೊನೆ ಕಚಕ್ಕನೆ ಕತ್ತರಿಸಿದೆಯಾ, ಇವು ಆಮೇಲೆ. ಸದ್ದು ಕಮ್ಮಿ ಅಂತ ಒಳ್ಳೆಯ ಟ್ರ್ಯಾಕ್ ಬಿಸಾಡಬೇಡಿ. ಎಂಪಿ3ಗೇನ್ ಅನ್ನುವ ಪ್ರೋಗ್ರಾಂ ಎಂಪಿ3 ಫೈಲುಗಳನ್ನೆಲ್ಲ ಒಂದು ಮಟ್ಟಕ್ಕೆ ತರುತ್ತದೆ. ಅದು ತಾನಾಗಿ ಇಟ್ಟುಕೊಳ್ಳುವ ಮಟ್ಟ 89 ಡೆಸಿಬಲ್. ಆದರೆ ಈ ಕೆಲಸ ಡೂಪ್ಲಿಕೇಟ್ ಹುಡುಕಿದ ಮೇಲೆ ಮಾಡಿ. ಮೊದಲೇ ಮಾಡಿದರೆ ಫೈಲಿನ ಒಳಗಿನ ಬೈಟ್ ಬದಲಾಗಿ ಹೋಲಿಕೆ ಕೆಡುತ್ತದೆ.

ದುಡ್ಡು ಕೊಟ್ಟು ತಂದ ಟ್ರ್ಯಾಕ್ ಮತ್ತು ಎಲ್ಲಿಂದಲೋ ಇಳಿಸಿಕೊಂಡದ್ದು ಎರಡೂ ಇದ್ದರೆ ದುಡ್ಡು ಕೊಟ್ಟದ್ದನ್ನೇ ಇಡಿ, ಬಿಲ್ಲನ್ನೂ ಇಟ್ಟುಕೊಳ್ಳಿ. ರೆಸ್ಟೋರೆಂಟಿನಲ್ಲಿ ನಡೆಸುವವರನ್ನು ಯಾರಾದರೂ ಕೇಳಬಹುದು, ಆವತ್ತು ಅದು ಕೆಲಸಕ್ಕೆ ಬರುತ್ತದೆ.

38,000 ಫೈಲ್ ಕೇಳಿ ಮುಗಿಸೋದು ಯಾವಾಗ ಅಂತ ಹೆದರಬೇಡಿ. ಜೋಡಿ ಫೈಲುಗಳನ್ನು ಒಂದಾಗಿ ಎಣಿಸಿ, ಹರಳು ತೆಗೆದರೆ ಸಂಖ್ಯೆ ಎಷ್ಟೋ ಇಳಿಯುತ್ತದೆ. ಆಮೇಲೆ ನಿಮ್ಮ ಕರೋಕೆ ಸಾಫ್ಟ್‌ವೇರಿನ ಹಿಸ್ಟರಿ ತೆರೆಯಿರಿ. ಕಳೆದ ವರ್ಷ ನಿಜವಾಗಿ ಹಾಡಿದ್ದು ಯಾವುವು ನೋಡಿ. ನಾನು ಮೊದಲ ಸಲ ನೋಡಿದಾಗ ಆರುನೂರೂ ದಾಟಿರಲಿಲ್ಲ. ಅಷ್ಟನ್ನು ಮಾತ್ರ ಕೇಳಿ ಆರಿಸಿ. ಸೀಸನ್ನಿಗೆ ಅದು ಸಾಕು. ಉಳಿದದ್ದು ಮಳೆಗಾಲದಲ್ಲಿ ಮಾಡಿದರಾಯಿತು.

ಆರಿಸದೆ ಉಳಿದದ್ದನ್ನು ಅಳಿಸಬೇಡಿ. ‘ಪಕ್ಕಕ್ಕೆ’ ಅಂತ ಒಂದು ಫೋಲ್ಡರ್ ಮಾಡಿ ಅದಕ್ಕೆ ಸಾಗಿಸಿ, ಜೋಡಿ ಇದ್ದರೆ ಜೋಡಿ ಸಮೇತ. ಸಾಫ್ಟ್‌ವೇರಿಗೆ ಆ ಫೋಲ್ಡರ್ ತೋರಿಸಬೇಡಿ. ಆಮೇಲೆ ಲೈಬ್ರರಿಯನ್ನು ಮತ್ತೆ ಸ್ಕ್ಯಾನ್ ಮಾಡಿಸಿ. ಇಲ್ಲದಿದ್ದರೆ ಅದು ಹಳೆಯ ಜಾಗವನ್ನೇ ನೆನಪಿಟ್ಟುಕೊಂಡು, ಹಾಡು ಒತ್ತಿದಾಗ ‘ಫೈಲ್ ಇಲ್ಲ’ ಅನ್ನುತ್ತದೆ. ಒಂದು ಸೀಸನ್ ಕಳೆದ ಮೇಲೂ ಯಾರೂ ಕೇಳದಿದ್ದರೆ ಆಗ ಅಳಿಸಿ.

ಪುಸ್ತಕ. ಎರಡೂ ಬೇಕು, ಆದರೆ ಕಾಗದದ್ದು ಮುಖ್ಯ. ಮೊಬೈಲಿಗೆ ಪಿಡಿಎಫ್ ಕೊಡಿ, ಕ್ಯೂಆರ್ ಕೋಡ್ ಟೇಬಲ್ಲಿಗೆ ಅಂಟಿಸಿ, ಬೇಡ ಅನ್ನಲ್ಲ. ಆದರೆ ತುಂಬಿದ ಕಲ್ಯಾಣ ಮಂಟಪದೊಳಗೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಅದಲ್ಲದೆ ಅರವತ್ತು ದಾಟಿದವರು ಪುಟ ತಿರುವುತ್ತಾ ಪಕ್ಕದವರಿಗೆ ‘ಇದು ನೆನಪದ ಏನು?’ ಅಂತ ತೋರಿಸುತ್ತಾರಲ್ಲ, ಅಲ್ಲಿಂದಲೇ ಹಾಡು ಹುಟ್ಟುವುದು. ಮೊಬೈಲಿನಲ್ಲಿ ಅದು ಆಗುವುದಿಲ್ಲ.

ಪ್ರತಿ ಹಾಡಿಗೂ ಒಂದು ಖಾಯಂ ನಂಬರ್ ಕೊಡಿ. ಹೊಸ ಹಾಡು ಬಂದರೆ ಕೊನೆಯ ನಂಬರಿನ ಮುಂದಿನದು. ಹಾಡು ತೆಗೆದರೆ ಆ ನಂಬರ್ ಖಾಲಿ ಬಿಡಿ, ಬೇರೆ ಹಾಡಿಗೆ ಕೊಡಬೇಡಿ. ಖಾಯಂ ಗಿರಾಕಿಗಳಿಗೆ ತಮ್ಮ ನಂಬರ್ ಬಾಯಿಪಾಠ ಇರುತ್ತದೆ. ಸಾಲಿನಲ್ಲಿ ಹಾಡಿನ ಮೊದಲ ಪದಗಳು, ಸಿನಿಮಾ, ಹೀರೋ, ನಂಬರ್, ಅಷ್ಟೇ. ಯಾವ ಕಂಪನಿಯ ಟ್ರ್ಯಾಕ್, ಎಷ್ಟು ಕೆಬಿಪಿಎಸ್ ಅನ್ನೋದು ನಿಮ್ಮ ಎಕ್ಸೆಲ್ಲಿನಲ್ಲಿರಲಿ. ಗಂಡಸರ ಟ್ರ್ಯಾಕ್ ಇದ್ದರೆ ‘ಗಂ’, ಹೆಂಗಸರದ್ದಿದ್ದರೆ ‘ಹೆಂ’, ಯುಗಳಕ್ಕೆ ‘ಯು’ ಅಂತ ಪಕ್ಕದಲ್ಲಿ ಗುರುತು. ಆರು ಸಾಲಿನ ಜಾಗದಲ್ಲಿ ಒಂದೇ ಸಾಲು, ಮೂರು ಗುರುತು. 210 ಪುಟ ಎಲ್ಲಿಗೆ ಇಳಿಯುತ್ತದೆ ನೋಡಿ.

ಭಾಷೆಗೊಂದು ಭಾಗ ಮಾಡಿ, ಬೇರೆ ಬಣ್ಣದ ಕಾಗದ ಹಾಕಿ. ಅಕ್ಷರ 14 ಪಾಯಿಂಟಿಗಿಂತ ಸಣ್ಣದು ಬೇಡ, ಸ್ಟೇಜ್ ಲೈಟ್ ಬಿಟ್ಟರೆ ಉಳಿದೆಡೆ ಕತ್ತಲೆ ಇರುತ್ತದೆ. ಬೈಂಡ್ ಮಾಡಿಸಬೇಡಿ, ರಿಂಗ್ ಫೈಲಿಗೆ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ. ಹೊಸ ಪುಟ ಸೇರಿಸಲು ಸುಲಭ, ಮಿರ್ಚಿ ಭಜಿ ತಿಂದ ಕೈ ಮುಟ್ಟಿದರೂ ಒರೆಸಬಹುದು.

ಇನ್ನು ಮುಂದೆ ಯಾರಾದರೂ ಪೆನ್‌ಡ್ರೈವ್ ಕೊಟ್ಟು ‘ಐದು ಸಾವಿರ ಹಾಡದಾವ, ಹಾಕ್ಕೋರಿ’ ಅಂದರೆ ಕೈ ಮುಗಿದು ತಗೊಳ್ಳಿ, ಲೈಬ್ರರಿಗೆ ಸುರಿಯಬೇಡಿ. ‘ಹೊಸದು’ ಅಂತ ಬೇರೆ ಫೋಲ್ಡರಿನಲ್ಲಿಡಿ. ಬೇಕಾದ ಹಾಡನ್ನು ಒಂದೊಂದಾಗಿ ಪಟ್ಟಿಯಲ್ಲಿ ನೋಡಿ, ಕೇಳಿ, ಹೆಸರು ತಿದ್ದಿ ಒಳಗೆ ಬಿಡಿ.

ಕೊನೆಗೆ ಆ ಮೇಷ್ಟ್ರ ವಿಷಯ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು, ಯಾವ ನಂಬರ್, ಯಾವ ಸ್ಕೇಲಿಗೆ ಹಾಡಿದರು ಅಂತ ಒಂದು ಸಾಲು. ಹಾರ್ಮೋನಿಯಂ ಗೊತ್ತಿರುವವರು ‘ಕಪ್ಪು ಒಂದು’ ಅಂದರೆ ಅದು ಸಿ ಶಾರ್ಪ್, ಹಾಗೇ ಬರೆದುಕೊಳ್ಳಿ. ಗೊತ್ತಿಲ್ಲದವರಿಗೆ ಮೈಕ್ ಕೊಡುವ ಮುಂಚೆ ಹೆಡ್‌ಫೋನಿನಲ್ಲಿ ಪಲ್ಲವಿ ಕೇಳಿಸಿ, ‘ಇದು ಸಾಕಾ, ಇಳಿಸಲಾ?’ ಅಂತ ಕೇಳಿ. ಮೇಷ್ಟ್ರಿಗೆ ಫೋನ್ ಮಾಡಿ, ಸರಿಯಾದ ಟ್ರ್ಯಾಕ್ ಸಿಕ್ಕಿದೆ ಅಂತ ಹೇಳಿ ಒಂದು ಶನಿವಾರ ಕರೆಯಿರಿ. ನೋಟ್‌ಬುಕ್ಕಿನ ಮೊದಲ ಸಾಲು ಅವರದೇ ಆಗಲಿ.